ಫ್ಲಾಪಿ ಕೊಟ್ಟ ರಾಜ್ಯೋತ್ಸವದ ರಜೆ

ಹೋದ ದಸರೆಗೆ ನನ್ನ ಹೆಂಡತಿಯ ಅಣ್ಣನ ಮಗ ಪುಣೆಯಿಂದ ಕೋರಾಡಿಗೆ ಬಂದಿದ್ದ. ನವರಾತ್ರಿ ಅಂದರೆ ನಮ್ಮೂರಿನ ಜಗದಂಬೆ ಗುಡಿಗೆ ಜನವೋ ಜನ. ನಾಗಪುರದಿಂದ ಬರಿಗಾಲಲ್ಲಿ ನಡೆದು ಬರುವವರೇ ಎಷ್ಟೋ ಮಂದಿ. ನಾವೂ ದರ್ಶನ ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು. ಹುಡುಗನ ಮೊಬೈಲು ಟಿಂಗ್ ಅಂತು. ನೋಡಿದ, ನಕ್ಕ, ಪಕ್ಕಕ್ಕಿಟ್ಟ.

"ಏನಪ್ಪಾ?" ಅಂದೆ.

"ಏನಿಲ್ಲ ಮಾಮಾ, ನಮ್ಮ ಸ್ಕ್ರಿಪ್ಟು ಮುನ್ನೂರು ಮಷೀನಿನ ಕಾನ್ಫಿಗ್ ಫೈಲ್ ಬದಲಾಯಿಸಿ ಮುಗಿಸ್ತು. ಸಕ್ಸಸ್ ಅಂತ ಮೆಸೇಜ್ ಬಂತು."

"ಹಳೇದಕ್ಕೂ ಹೊಸದಕ್ಕೂ ಏನು ಫರಕು ಅಂತ ಯಾರು ನೋಡಿದ್ರು?"

"ಅಯ್ಯ, ಮುನ್ನೂರು ಫೈಲು ಯಾರು ಕೂತು ಓದ್ತಾರ ಮಾಮಾ? ಅದಕ್ಕ ಅಲ್ಲೇನು ಸ್ಕ್ರಿಪ್ಟ್ ಬರದದ್ದು!"

ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಊಟ ಮುಂದುವರಿಸಿದ. ನನಗೆ ಮಾತ್ರ ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಬೆಳಗ್ಗೆ ಕಣ್ಣಮುಂದೆ ಬಂತು. ಅವತ್ತು ನನ್ನ ಪರದೆಯ ಮೇಲೂ "ಸಕ್ಸಸ್" ಅಂತಲೇ ಬಂದಿತ್ತು.

ಆ ಕಥೆ ಹೇಳುವ ಮೊದಲು ಒಂದು ಮಾತು. ನಾನು ಕಂಪ್ಯೂಟರ್ ಓದಿದವನಲ್ಲ. ಬಿಕಾಂ ಮಾಡಿ ಬ್ಯಾಂಕು ಸೇರಿದವನು. ಕಂಪ್ಯೂಟರೇ ನಮ್ಮ ಮೇಜಿಗೆ ಬಂದು ಕೂತಾಗ ಬೇರೆ ದಾರಿ ಇಲ್ಲದೆ ಕಲಿತೆ. ಹಾಗಾಗಿ ಕಾನ್ಫಿಗರೇಷನ್ ಫೈಲ್ ಅಂದರೇನು ಅಂತ ಬ್ಯಾಂಕಿನವರ ಭಾಷೆಯಲ್ಲೇ ಹೇಳುತ್ತೇನೆ. ಪ್ರೋಗ್ರಾಮು ಒಬ್ಬ ಗುಮಾಸ್ತ ಅಂತ ಇಟ್ಟುಕೊಳ್ಳಿ. ಬಡ್ಡಿ ಲೆಕ್ಕ ಹಾಕುವುದು ಅವನಿಗೆ ಗೊತ್ತು, ಆದರೆ ದರ ಎಷ್ಟು ಅಂತ ಗೊತ್ತಿಲ್ಲ. ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ಹಣ ಕಡಿತ ಮಾಡುವುದು ಗೊತ್ತು, ಯಾರಿಗೆ ವಿನಾಯಿತಿ ಅಂತ ಗೊತ್ತಿಲ್ಲ. ರಜಾದಿನ ಬಿಟ್ಟು ಮುಂದಿನ ಕೆಲಸದ ದಿನಕ್ಕೆ ಹೋಗುವುದು ಗೊತ್ತು, ಯಾವ ದಿನ ರಜೆ ಅಂತ ಗೊತ್ತಿಲ್ಲ. ಇವನ್ನೆಲ್ಲ ಬರೆದು ಅವನ ಮೇಜಿನ ಗಾಜಿನ ಕೆಳಗೆ ಇಟ್ಟ ಚೀಟಿಯೇ ಕಾನ್ಫಿಗರೇಷನ್ ಫೈಲು. ನಾವು ಅದನ್ನು ಪ್ಯಾರಾಮೀಟರ್ ಫೈಲ್ ಅನ್ನುತ್ತಿದ್ದೆವು. ಗುಮಾಸ್ತ ಬಲು ವಿಧೇಯ. ಚೀಟಿಯಲ್ಲಿ ಏನಿದೆಯೋ ಅದನ್ನೇ ಮಾಡುತ್ತಾನೆ. ಎತ್ತು ಈಯ್ತು ಅಂತ ಬರೆದಿದ್ದರೆ ಕೊಟ್ಟಿಗೆಯಲ್ಲಿ ಕರು ಕಟ್ಟೋಕೆ ಹೋಗುತ್ತಾನೆ.

ಈಗ ಕಥೆಗೆ ಬರೋಣ.

ಅದು 2002ರ ಅಕ್ಟೋಬರ್. ನಾಗಪುರದ ಹೊರವಲಯದ ಒಂದು ಶಾಖೆಯಲ್ಲಿದ್ದೆ. ಕೋರ್ ಬ್ಯಾಂಕಿಂಗ್ ಇನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಪ್ರತಿ ಶಾಖೆಗೂ ತನ್ನದೇ ಒಂದು ಸರ್ವರು, ಹವಾನಿಯಂತ್ರಿತ ಗಾಜಿನ ಪುಟ್ಟ ಕೋಣೆ, ಒಳಗೆ ಹೋಗುವಾಗ ಚಪ್ಪಲಿ ಹೊರಗೆ! ಬದಲಾವಣೆ ಏನಾದರೂ ಇದ್ದರೆ ಮೇಲಿನ ಕಚೇರಿಯಿಂದ ಕೊರಿಯರ್‌ನಲ್ಲಿ ಫ್ಲಾಪಿ ಬರುತ್ತಿತ್ತು, ಜೊತೆಗೆ ಒಂದು ಪುಟದ ಸುತ್ತೋಲೆ. ಫ್ಲಾಪಿ ಹಾಕಿ, ಅದರಲ್ಲಿರುವ ಸ್ಕ್ರಿಪ್ಟಿನ ಹೆಸರು ಕುಟ್ಟಿ ಎಂಟರ್ ಒತ್ತಿದರೆ ಮುಗೀತು. ಶಾಖೆಯಲ್ಲಿ ಕಂಪ್ಯೂಟರ್ ಬಲ್ಲವನು ಅಂತ ಹೆಸರಾಗಿದ್ದ ನನಗೇ ಆ ಕೆಲಸ.

ಆ ಸಲದ ಫ್ಲಾಪಿ ಠೇವಣಿಯ ಬಡ್ಡಿ ದರ ಬದಲಿಸಲು ಬಂದದ್ದು. ಸುತ್ತೋಲೆಯಲ್ಲಿ ಇದ್ದದ್ದೂ ಅಷ್ಟೇ. ಸಂಜೆ ಕೆಲಸ ಮುಗಿದ ಮೇಲೆ ಹಾಕಿದೆ. ಸ್ಕ್ರಿಪ್ಟು ಏನೂ ಕೇಳಲಿಲ್ಲ, ಏನೂ ತೋರಿಸಲಿಲ್ಲ. ಅರ್ಧ ನಿಮಿಷದಲ್ಲಿ ಸಕ್ಸಸ್ ಅಂತ ಬಂತು. ಮರುದಿನ ಒಂದು ಠೇವಣಿ ರಸೀದಿಯಲ್ಲಿ ದರ ನೋಡಿದೆ, ಸರಿ ಇತ್ತು. ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಒಂದು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು.

ನವೆಂಬರ್ 1, ಶುಕ್ರವಾರ. ಬೆಳಗ್ಗೆ ಒಂಬತ್ತೂವರೆಗೆ ಹೋಗಿ ಸಿಸ್ಟಮ್ ಆನ್ ಮಾಡಿದರೆ ಪರದೆಯ ಮೇಲಿನ ತಾರೀಖು 2-11-2002! ಕಣ್ಣುಜ್ಜಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದೆ. ಮತ್ತೆ ಪರದೆ ನೋಡಿದೆ. ಹಿಂದಿನ ರಾತ್ರಿ ದಿನಾಂತ್ಯದ ಪ್ರಕ್ರಿಯೆ ಮಾಡಿದಾಗ ನಮ್ಮ ವಿಧೇಯ ಗುಮಾಸ್ತ ನವೆಂಬರ್ 1ನ್ನು ರಜೆ ಅಂತ ಹಾರಿಸಿ, ಶಾಖೆಯನ್ನು ನೇರ 2ನೇ ತಾರೀಖಿಗೆ ತಂದು ಕೂರಿಸಿದ್ದ.

ಯಾಕೆ ಅಂತ ನಿಮಗೆ ಆಗಲೇ ಹೊಳೆದಿರಬೇಕು. ಫ್ಲಾಪಿ ತಯಾರಾದದ್ದು ಕರ್ನಾಟಕದಲ್ಲಿ. ಸ್ಕ್ರಿಪ್ಟು ಬಡ್ಡಿ ದರದ ಒಂದು ಫೈಲನ್ನಷ್ಟೇ ಅಲ್ಲ, ಆ ಫೋಲ್ಡರಿನಲ್ಲಿದ್ದ ಅಷ್ಟೂ ಪ್ಯಾರಾಮೀಟರ್ ಫೈಲುಗಳನ್ನು ನಮ್ಮ ಫೈಲುಗಳ ಮೇಲೆ ಹೊದಿಸಿಬಿಟ್ಟಿತ್ತು. ಅದರಲ್ಲಿ ಕರ್ನಾಟಕದ ರಜಾಪಟ್ಟಿಯೂ ಬಂದಿತ್ತು. ನವೆಂಬರ್ 1, ಕನ್ನಡ ರಾಜ್ಯೋತ್ಸವ!

ಹೊರನಾಡಿನಲ್ಲಿರುವ ನಮಗೆಲ್ಲ ಪ್ರತಿ ವರ್ಷ ಒಂದು ಸಣ್ಣ ಕೊರಗು ಇದ್ದೇ ಇರುತ್ತದಲ್ಲ, ಊರಿನಲ್ಲಿ ಎಲ್ಲರಿಗೂ ರಜೆ, ನಾವು ಮಾತ್ರ ಕೌಂಟರಿನಲ್ಲಿ ಅಂತ. ಆ ವರ್ಷ ಸಾಕ್ಷಾತ್ ಫ್ಲಾಪಿಯೇ ನನಗೆ ರಾಜ್ಯೋತ್ಸವದ ರಜೆ ಮಂಜೂರು ಮಾಡಿತ್ತು :-) ಆದರೆ ಆ ಕ್ಷಣ ನಗು ಬರಲಿಲ್ಲ.

ಯಾಕಂದರೆ ಹೊರಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿತ್ತು. ತಿಂಗಳ ಮೊದಲ ದಿನ, ಪಿಂಚಣಿಯವರು. ಅದರಲ್ಲೂ ನವೆಂಬರ್ ಅಂದರೆ ಜೀವಂತ ಪ್ರಮಾಣಪತ್ರ ಕೊಡುವ ತಿಂಗಳು. ಅದರಲ್ಲೂ ಆ ವರ್ಷ ದೀಪಾವಳಿ ನವೆಂಬರ್ 4, ಸೋಮವಾರ. ಶನಿವಾರ ಅರ್ಧ ದಿನ, ಭಾನುವಾರ ರಜೆ. ಹಬ್ಬಕ್ಕೆ ಹಣ ಬೇಕೆಂದರೆ ಅವತ್ತೇ ಬೇಕು. ಕಾಮಠಿ ಕಡೆಯ ಮಾಜಿ ಸೈನಿಕರು, ನಿವೃತ್ತ ಮೇಷ್ಟ್ರುಗಳು, ಸೆರಗು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದ ಹವಾಲ್ದಾರರ ವಿಧವೆಯರು... ಇವರಿಗೆ ನಾನು ಏನಂತ ಹೇಳಲಿ? ನೀವು ಇವತ್ತು ಇಲ್ಲ, ನಮ್ಮ ಸಿಸ್ಟಮಿನಲ್ಲಿ ಇವತ್ತು ಅನ್ನೋ ದಿನವೇ ಇಲ್ಲ ಅಂತಲೇ?

ಅವತ್ತು ನಮ್ಮನ್ನು ಕಾಪಾಡಿದ್ದು ಹಳೆಯ ಕಾಲದ ಒಬ್ಬ ಹೆಡ್ ಕ್ಯಾಷಿಯರ್. ಪ್ರತಿ ರಾತ್ರಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಖಾತೆಗಳ ಬ್ಯಾಲೆನ್ಸ್ ಪಟ್ಟಿ ತೆಗೆದಿಡುವ ಪದ್ಧತಿ ಇತ್ತು. ಕಾಗದ ದಂಡ ಅಂತ ನಾವು ಹುಡುಗರು ಗೊಣಗುತ್ತಿದ್ದೆವು. ಆತ ಆ ಕಟ್ಟನ್ನು ಕೌಂಟರಿನ ಮೇಲೆ ಬಿಚ್ಚಿ ಹರಡಿಕೊಂಡು, ಮ್ಯಾನೇಜರರ ಒಪ್ಪಿಗೆ ಪಡೆದು, ಒಂದು ಮಿತಿಯವರೆಗೆ ಕೈಬರಹದಲ್ಲಿ ಹಣ ಕೊಡಲು ಶುರು ಮಾಡಿದರು. ನಾನು ಗಾಜಿನ ಕೋಣೆಯೊಳಗೆ ಹಿಂದಿನ ಸಂಜೆಯ ಟೇಪು ಹಾಕಿ, ಹಳೆಯ ಸ್ಥಿತಿ ಮರಳಿ ತಂದು, ರಜಾಪಟ್ಟಿ ಸರಿಪಡಿಸಿ, ದಿನಾಂತ್ಯ ಮತ್ತೆ ಮಾಡಿ ಹೊರಬರುವಾಗ ಮಧ್ಯಾಹ್ನ ಎರಡು ಗಂಟೆ. ಅಷ್ಟು ಹೊತ್ತೂ ಗಾಜಿನಾಚೆ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಾ ಕೂತಿದ್ದರು. ಬೈಯಲಿಲ್ಲ. ಹಣ ತೆಗೆದುಕೊಂಡು ಹೋಗುವಾಗ "ಝಾಲಾ ಕಾ ಬಾಳಾ?", ಆಯ್ತೇನಪ್ಪಾ ಮಗೂ, ಅಂತ ಮರಾಠಿಯಲ್ಲಿ ಕೇಳಿದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಬರೀ ತಮಾಷೆಯ ಪ್ರಸಂಗ. ಮುಗಿಯಲಿಲ್ಲ.

ಅವತ್ತು ರಾತ್ರಿ ಹಳೆಯ ಟೇಪಿನಿಂದ ಫ್ಲಾಪಿ ಹಾಕುವುದಕ್ಕೆ ಮುಂಚಿನ ಫೈಲುಗಳನ್ನು ಬೇರೆ ಕಡೆ ಇಳಿಸಿಕೊಂಡೆ. ಯುನಿಕ್ಸಿನಲ್ಲಿ 'ಡಿಫ್' ಅಂತ ಒಂದು ಆಜ್ಞೆ ಇದೆ. ಎರಡು ಫೈಲು ಕೊಟ್ಟರೆ ಎಲ್ಲೆಲ್ಲಿ ವ್ಯತ್ಯಾಸವಿದೆಯೋ ಆ ಸಾಲುಗಳನ್ನು ಮಾತ್ರ ತೋರಿಸುತ್ತದೆ, ಇದು ಹಳೆಯದು, ಇದು ಹೊಸದು ಅಂತ ಗುರುತು ಹಾಕಿ. ಒಂದೊಂದೇ ಜೋಡಿಗೆ ಡಿಫ್ ಹಾಕುತ್ತಾ ಹೋದೆ. ಬಡ್ಡಿ ದರದ ಸಾಲುಗಳು, ಸರಿ, ಅದಕ್ಕೇ ಫ್ಲಾಪಿ ಬಂದದ್ದು. ರಜಾಪಟ್ಟಿ, ಅದು ಬೆಳಗ್ಗೆಯೇ ಗೊತ್ತಾಯಿತು. ಆಮೇಲೆ ಸೇವಾಶುಲ್ಕದ ಫೈಲಿನಲ್ಲಿ ಒಂದೇ ಒಂದು ಸಾಲು ಮಾಯವಾಗಿರುವುದು ಕಂಡಿತು. ಒಂದು ಬಗೆಯ ಉಳಿತಾಯ ಖಾತೆಗಳಿಗೆ ಕನಿಷ್ಠ ಬ್ಯಾಲೆನ್ಸ್ ಶುಲ್ಕ ಸೊನ್ನೆ ಅನ್ನುವ ಸಾಲು.

ಯಾರು ಹಾಕಿದ್ದರು, ಯಾಕೆ ಹಾಕಿದ್ದರು, ಫೈಲಿನಲ್ಲಿ ಒಂದಕ್ಷರ ಇಲ್ಲ. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ವರ್ಗವಾಗಿ ಹೋಗಿದ್ದರು. ಎಸ್‌ಟಿಡಿ ಮಾಡಿ ಕೇಳಿದೆ. ಅವರು ಒಂದು ನಿಮಿಷ ಯೋಚಿಸಿ, "ಹೌದು ಮಾರಾಯರೇ, ಅದು ಕೂಲಿಯವರ ಖಾತೆಗಳದ್ದು. ಅನುಮತಿ ಪತ್ರ ಸ್ಟೀಲ್ ಕಪಾಟಿನ ಎರಡನೇ ಅರೆಯಲ್ಲಿ ಇರಬೇಕು ನೋಡಿ" ಅಂದರು. ಇತ್ತು. ಗುತ್ತಿಗೆ ಕೂಲಿಯವರಿಗೆ ವೇತನ ಖಾತೆಯ ಮೂಲಕ ಕೊಡಲೆಂದು ತೆರೆದ ನೂರಕ್ಕೂ ಹೆಚ್ಚು ಖಾತೆಗಳು. ಅವುಗಳಲ್ಲಿ ತಿಂಗಳ ಕೊನೆಗೆ ಹತ್ತು ಇಪ್ಪತ್ತು ರೂಪಾಯಿ ಉಳಿದರೆ ಹೆಚ್ಚು.

ಆ ಸಾಲು ಹೋದದ್ದು ನಾನು ನೋಡದೇ ಇದ್ದಿದ್ದರೆ? ಡಿಸೆಂಬರ್ ಕೊನೆಗೆ ತ್ರೈಮಾಸಿಕ ಶುಲ್ಕ ಅಷ್ಟೂ ಖಾತೆಗಳಿಂದ ಸದ್ದಿಲ್ಲದೆ ಕಡಿತವಾಗುತ್ತಿತ್ತು. ಯಾರೂ ಸಾಲು ನಿಲ್ಲುತ್ತಿರಲಿಲ್ಲ, ಪರದೆಯ ತಾರೀಖು ತಪ್ಪುತ್ತಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಬಂದದ್ದನ್ನು ಓದಲು ಬಾರದವರ ಹಣ ಅದು. ರಾಜ್ಯೋತ್ಸವದ ರಜೆ ಕೂಗಿ ಹೇಳುವ ತಪ್ಪು, ಅದೇ ದಿನ ಸಿಕ್ಕಿಬಿತ್ತು. ಇದು ಬಾಯಿಲ್ಲದ ತಪ್ಪು. ಇವತ್ತಿಗೂ ನನ್ನನ್ನು ಹೆದರಿಸುವುದು ಎರಡನೆಯದೇ.

ತಪ್ಪು ಯಾರದ್ದು? ಫ್ಲಾಪಿ ಮಾಡಿದವರದ್ದು ಅಂತ ಆಗ ಜೋರಾಗಿ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಾದರೆ ನನ್ನದು. ಎಂಟರ್ ಒತ್ತಿದ್ದು ನಾನು. ಡಿಫ್ ಅನ್ನುವುದು ನನಗೆ ಗೊತ್ತಿತ್ತು, ಹಾಕಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಬಿಕಾಂ ಓದಿದವರಿಗೆ ಬ್ಯಾಂಕ್ ಸಮನ್ವಯ ತಃಖ್ತೆ ನೆನಪಿರಬೇಕು. ನಮ್ಮ ನಗದು ಪುಸ್ತಕದಲ್ಲಿ ಒಂದು ಶಿಲ್ಕು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಆಗ ಏನು ಮಾಡುತ್ತೇವೆ? ಪಾಸ್‌ಬುಕ್ಕಿನ ಅಂಕಿಯನ್ನು ನಗದು ಪುಸ್ತಕದ ಮೇಲೆ ನಕಲು ಮಾಡಿಬಿಡುತ್ತೇವೆಯೇ? ಹಾಗೆ ಮಾಡಿದರೆ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು. ಒಂದೊಂದು ವ್ಯತ್ಯಾಸವನ್ನೂ ಪಟ್ಟಿ ಮಾಡಿ ಪಕ್ಕದಲ್ಲಿ ಕಾರಣ ಬರೆಯಬೇಕು. ಕೊಟ್ಟ ಚೆಕ್ಕು ಇನ್ನೂ ಪಾವತಿಗೆ ಬಂದಿಲ್ಲ, ಬ್ಯಾಂಕು ಹಾಕಿದ ಶುಲ್ಕ ನಾವು ಬರೆದಿಲ್ಲ, ಬ್ಯಾಂಕೇ ತಪ್ಪು ಮಾಡಿದೆ, ಹೀಗೆ. ಕೆಲವು ವ್ಯತ್ಯಾಸ ಇರಬೇಕಾದದ್ದೇ, ಕೆಲವು ನಾವು ತಿದ್ದಬೇಕಾದದ್ದು, ಕೆಲವು ಅವರು ತಿದ್ದಬೇಕಾದದ್ದು. ಕಾನ್ಫಿಗ್ ಫೈಲುಗಳ ಹೋಲಿಕೆಯೂ ಇದಕ್ಕಿಂತ ಬೇರೆಯೇನಲ್ಲ.

ಅಂದ ಹಾಗೆ ಈ ಡಿಫ್ ಹೊಸದೇನಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೌಗ್ಲಸ್ ಮೆಕಿಲ್‌ರಾಯ್ ಬರೆದದ್ದು, 1974ರ ಯುನಿಕ್ಸ್ ಐದನೇ ಆವೃತ್ತಿಯ ಜೊತೆ ಹೊರಬಂದದ್ದು. ಅದರ ಹಿಂದಿನ ಲೆಕ್ಕಾಚಾರವನ್ನು ಅವರೂ ಜೇಮ್ಸ್ ಹಂಟ್ ಅವರೂ 1976ರಲ್ಲಿ ಬರೆದು ಪ್ರಕಟಿಸಿದರು. ಆ ವ್ಯತ್ಯಾಸದ ಪಟ್ಟಿಯನ್ನೇ ತೆಗೆದುಕೊಂಡು ಹಳೆಯ ಫೈಲನ್ನು ಹೊಸದಾಗಿಸುವ 'ಪ್ಯಾಚ್' ಅನ್ನು ಲ್ಯಾರಿ ವಾಲ್ ಬರೆದದ್ದು 1985ರಲ್ಲಿ. ಅಂದರೆ ಹೋಲಿಸುವ ಉಪಕರಣಕ್ಕೂ ಹಚ್ಚುವ ಉಪಕರಣಕ್ಕೂ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಅಂತರ. ಅಷ್ಟು ದಿನ ನಡುವೆ ಮನುಷ್ಯ ಕೂತಿದ್ದ, ವ್ಯತ್ಯಾಸ ಓದಿ ತಾನೇ ತಿದ್ದುತ್ತಿದ್ದ. ಈಗ ಎರಡೂ ಒಂದೇ ಸ್ಕ್ರಿಪ್ಟಿನಲ್ಲಿ ಸೇರಿ, ನಡುವಿನ ಕುರ್ಚಿ ಖಾಲಿಯಾಗಿದೆ.

ಆಮೇಲೆ ಮನೆಯಲ್ಲಿ ಲಿನಕ್ಸ್ ಹಾಕಿಕೊಂಡು ಆಟವಾಡುತ್ತಿದ್ದಾಗ ಡೆಬಿಯನ್ ಅನ್ನುವ ಲಿನಕ್ಸಿನವರು ಈ ಸಮಸ್ಯೆಯನ್ನು ಎಷ್ಟು ಚೆನ್ನಾಗಿ ಬಿಡಿಸಿದ್ದಾರೆ ಅಂತ ಕಂಡೆ. ಅವರು ಎರಡಲ್ಲ, ಮೂರನ್ನು ಹೋಲಿಸುತ್ತಾರೆ. ಮೊದಲು ಕೊಟ್ಟದ್ದು ಹೇಗಿತ್ತು, ಈಗ ನಿಮ್ಮಲ್ಲಿರುವುದು ಹೇಗಿದೆ, ಹೊಸದಾಗಿ ಬಂದಿರುವುದು ಹೇಗಿದೆ. ನೀವು ಏನೂ ಮುಟ್ಟಿಲ್ಲದಿದ್ದರೆ ಹೊಸದನ್ನು ಸುಮ್ಮನೆ ಹಾಕುತ್ತದೆ. ನೀವು ಮುಟ್ಟಿದ್ದು, ಅವರು ಬದಲಿಸದಿದ್ದರೆ ನಿಮ್ಮದನ್ನು ಹಾಗೇ ಬಿಡುತ್ತದೆ. ಇಬ್ಬರೂ ಬದಲಿಸಿದ್ದರೆ ಮಾತ್ರ ನಿಂತು ಕೇಳುತ್ತದೆ: ಹೊಸದು ಹಾಕಲೇ, ನಿಮ್ಮದೇ ಇರಲೇ, ವ್ಯತ್ಯಾಸ ತೋರಿಸಲೇ? ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದು ಉಳಿಯುತ್ತದೆ. ರೆಡ್ ಹ್ಯಾಟ್‌ನವರದ್ದು ಇನ್ನೊಂದು ಪದ್ಧತಿ. ಇಂಥ ಕಡೆ ಒಂದು ಪ್ರತಿಯನ್ನು ಬೇರೆ ಹೆಸರಲ್ಲಿ ಪಕ್ಕಕ್ಕಿಟ್ಟು ಹೋಗುತ್ತಾರೆ, ಆಮೇಲೆ ನೀವೇ ಹೋಲಿಸಿಕೊಳ್ಳಿ ಅಂತ.

ನನ್ನ 2002ರ ಫ್ಲಾಪಿಗೆ ಈ ಬುದ್ಧಿ ಇದ್ದಿದ್ದರೆ! ಬಡ್ಡಿ ದರ ಸುಮ್ಮನೆ ಬದಲಾಗುತ್ತಿತ್ತು. ರಜಾಪಟ್ಟಿಯ ಹತ್ತಿರವೂ ಕೂಲಿಯವರ ಸಾಲಿನ ಹತ್ತಿರವೂ ಅದು ನಿಂತು ಕೇಳುತ್ತಿತ್ತು. ನಾನು ಓದಬೇಕಾಗಿದ್ದದ್ದು ನೂರಾರು ಸಾಲಲ್ಲ, ನಾಲ್ಕೈದು ಅಷ್ಟೇ.

ಇತ್ತೀಚಿನ ಒಂದು ಉದಾಹರಣೆ ಹೇಳುತ್ತೇನೆ, ಇದು ಕನ್ನಡಿಗರಿಗೆಲ್ಲ ಸಂಬಂಧಪಟ್ಟದ್ದು. ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ಪರಊರಿನ ಬೀದಿಯಲ್ಲಿ ಆ ಹೆಸರುಗಳ ಬೋರ್ಡು ಕಂಡರೆ ಊರಿನವರೇ ಸಿಕ್ಕಂತಾಗುತ್ತಿತ್ತು ನಮಗೆ. ಇರಲಿ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ವಿಲೀನದ ಮೇಲೆ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು. ಹನ್ನೊಂದು ಅಕ್ಷರದ ಸಂಕೇತ ಅದು: ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಸಿಂಡಿಕೇಟಿನ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಹೊಸದಕ್ಕೆ ಸುಲಭ ಸೂತ್ರ: ಬ್ಯಾಂಕಿನ ಅಕ್ಷರ ಎಸ್‌ವೈಎನ್‌ಬಿ ಇದ್ದದ್ದು ಸಿಎನ್‌ಆರ್‌ಬಿ ಆಗಬೇಕು, ಶಾಖೆಯ ಸಂಖ್ಯೆಗೆ 10000 ಕೂಡಿಸಬೇಕು. 3687 ಇದ್ದದ್ದು 13687. ಒಂದು ಸಾಲಿನ ಸ್ಕ್ರಿಪ್ಟಿನ ಕೆಲಸ! ಅದೇ ವಿಜಯಾ ಬ್ಯಾಂಕಿಗೆ ಈ ಸೂತ್ರ ನಡೆಯದು. ಅಲ್ಲಿ ಶಾಖೆಯ ಅಂಕಿಗಳೇ ಹೋಗಿ, ವಿಜೆ ಅನ್ನುವ ಅಕ್ಷರಗಳ ಮುಂದೆ ಶಾಖೆಯ ಹೆಸರಿನ ಸಂಕ್ಷೇಪ ಬಂತು. ಅದಕ್ಕೆ ಬ್ಯಾಂಕು ಕೊಟ್ಟ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಹೋಲಿಸಬೇಕು. ಒಂದು ಬ್ಯಾಂಕಿನಲ್ಲಿ ಕೆಲಸ ಮಾಡಿದ ಸೂತ್ರವನ್ನು ಇನ್ನೊಂದಕ್ಕೂ ಹಚ್ಚಿದವನ ಕಥೆ ಮುಗಿಯಿತು.

ಆಗ ನಮ್ಮ ಕಡೆಯ ಒಂದು ಸಣ್ಣ ಸಹಕಾರಿ ಸಂಘದವರು ಸದಸ್ಯರ ಪಟ್ಟಿ ಸರಿಮಾಡಿಕೊಡಿ ಅಂತ ಬಂದರು. ಊರಿನ ಶಾಖೆಯ ಖಾತೆಯನ್ನೇ ಇಟ್ಟುಕೊಂಡ ಕನ್ನಡಿಗರೂ ಅದರಲ್ಲಿದ್ದರು. ಸಂಘದ ಹುಡುಗ ಸೂತ್ರ ಬರೆದು ತಂದಿದ್ದ. "ತಡಿ, ಮೊದಲು ಬೇರೆ ಫೈಲಿಗೆ ಬರೆಸು, ಆಮೇಲೆ ಎರಡನ್ನೂ ಹೋಲಿಸೋಣ" ಅಂದೆ. ಹೋಲಿಸಿದಾಗ ಒಂದು ಕಡೆ ಶಾಖೆಯ ಸಂಖ್ಯೆ ಇಪ್ಪತ್ತು ಸಾವಿರ ದಾಟಿತ್ತು. ನೋಡಿದರೆ, ಒಬ್ಬ ಸದಸ್ಯರು ಹಿಂದೆಯೇ ಬಂದು ತಮ್ಮ ಸಾಲನ್ನು ಅರ್ಧ ತಿದ್ದಿಸಿದ್ದರು. ಸಂಖ್ಯೆ ಹೊಸದು, ಮುಂದಿನ ಅಕ್ಷರ ಹಳೆಯದು. ಸ್ಕ್ರಿಪ್ಟು ಅದಕ್ಕೆ ಮತ್ತೆ ಹತ್ತು ಸಾವಿರ ಕೂಡಿಸಿತ್ತು. ಕೈಯಿಂದ ಮಾಡಿದ ಒಂದು ತಿದ್ದುಪಡಿ ಸೂತ್ರವನ್ನು ಹೇಗೆ ಹಾಳು ಮಾಡುತ್ತದೆ ನೋಡಿ. ಎರಡು ಸಲ ಓಡಿಸಿದರೂ ಫಲ ಒಂದೇ ಬರುವಂತೆ ಸ್ಕ್ರಿಪ್ಟ್ ಬರೆಯಬೇಕು ಅನ್ನುವುದು ಅವತ್ತು ಅವನಿಗೂ ನನಗೂ ಅರ್ಥವಾಯಿತು.

ಇದೆಲ್ಲ ಸಣ್ಣ ಊರಿನ ಸಣ್ಣ ಕಥೆ ಅನ್ನಬೇಡಿ. ದೊಡ್ಡವರ ಕಥೆಯೂ ಇದೇ. 2012ರ ಆಗಸ್ಟ್ 1ರಂದು ಅಮೆರಿಕದ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಅನ್ನುವ ಕಂಪನಿ ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳಿಗೆ ಹೊಸ ಪ್ರೋಗ್ರಾಮು ಹಾಕಬೇಕಿತ್ತು, ಏಳಕ್ಕೆ ಹಾಕಿ ಒಂದನ್ನು ಬಿಟ್ಟಿದ್ದರು. ಆ ಒಂದರಲ್ಲಿ ವರ್ಷಗಳಿಂದ ಮಲಗಿದ್ದ ಹಳೆಯ ಪ್ರೋಗ್ರಾಮು ಎದ್ದು ಕೂತಿತು. ಎಂಟೂ ಒಂದೇ ಇವೆಯೇ ಅಂತ ಒಂದು ಹೋಲಿಕೆ ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು. ಎರಡನೆಯ ವ್ಯಕ್ತಿ ಪರಿಶೀಲಿಸಬೇಕು ಅನ್ನುವ ಲಿಖಿತ ನಿಯಮವೇ ಅಲ್ಲಿರಲಿಲ್ಲ ಅಂತ ಅಲ್ಲಿನ ನಿಯಂತ್ರಣ ಸಂಸ್ಥೆ 2013ರ ಆದೇಶದಲ್ಲಿ ಬರೆಯಿತು. ನಮ್ಮ ಬ್ಯಾಂಕುಗಳಲ್ಲಿ ಇದಕ್ಕೆ ಮೇಕರ್-ಚೆಕರ್ ಅನ್ನುತ್ತೇವೆ. ಸಾವಿರ ರೂಪಾಯಿಯ ವೋಚರಿಗೂ ಬರೆದವನೊಬ್ಬ, ಪಾಸು ಮಾಡುವವನೊಬ್ಬ ಬೇಕು. ಆದರೆ ಸಾವಿರಾರು ವೋಚರುಗಳ ಹಣೆಬರಹ ಬರೆಯುವ ಫೈಲಿಗೆ ಬೇಡವೇ?

2024ರ ಜುಲೈ 19 ನಿಮಗೆಲ್ಲ ನೆನಪಿರಬೇಕು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ದಿನ! ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಕಾನ್ಫಿಗರೇಷನ್ ಅಪ್‌ಡೇಟು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿತು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅಪ್‌ಡೇಟು ಬಯಸಿದ್ದು 21 ಅಂಕಣ, ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಮು ಕೊಟ್ಟದ್ದು 20. ಒಂದು ಅಂಕಣದ ವ್ಯತ್ಯಾಸ! ಸುಮಾರು 78 ನಿಮಿಷದಲ್ಲಿ ಅವರು ಅದನ್ನು ಹಿಂದಕ್ಕೆ ತೆಗೆದರು, ಅಷ್ಟರಲ್ಲಿ ಎಲ್ಲ ಕಡೆ ಹೋಗಿಯಾಗಿತ್ತು. ಮೊದಲು ನಾಲ್ಕು ಕಡೆ ಹಾಕಿ ನೋಡಿ, ಆಮೇಲೆ ಎಲ್ಲ ಕಡೆ ಕಳಿಸುವ ಪದ್ಧತಿ ಇಂಥ ಅಪ್‌ಡೇಟಿಗೆ ಇರಲಿಲ್ಲ. ಆಮೇಲೆ ತಂದರು.

ಹಾಗಾದರೆ ಸ್ಕ್ರಿಪ್ಟೇ ಬೇಡವೇ? ಖಂಡಿತ ಬೇಕು. ನಾನು ಲೆಡ್ಜರ್ ಕಾಲಕ್ಕೆ ವಾಪಸು ಹೋಗೋಣ ಅನ್ನುವವನಲ್ಲ. ಮುನ್ನೂರು ಫೈಲನ್ನು ಕಣ್ಣಲ್ಲಿ ಹೋಲಿಸುವುದು ಮನುಷ್ಯನ ಕೈಲಾಗುವ ಕೆಲಸವಲ್ಲ, ಮೂವತ್ತನೆಯದಕ್ಕೇ ತೂಕಡಿಕೆ ಬರುತ್ತದೆ. ಎಲ್ಲ ಕಡೆ ಒಂದೇ ಥರ ಇರಬೇಕು ಅನ್ನುವವರ ಮಾತಿನಲ್ಲೂ ನ್ಯಾಯವಿದೆ. ಒಂದೊಂದು ಶಾಖೆ ಒಂದೊಂದು ಥರ ತಿದ್ದಿಕೊಂಡು ಕೂತರೆ ಆಡಿಟ್ ಮಾಡುವವರ ಪಾಡೇನು? ಎಷ್ಟೋ ಕಡೆ ಕೈತಿದ್ದುಪಡಿ ಅನ್ನುವುದು ಯಾರೋ ಮರೆತುಹೋದ ತಪ್ಪೇ ಆಗಿರುತ್ತದೆ. ಆದರೆ ಯಾವುದು ಮರೆತ ತಪ್ಪು, ಯಾವುದು ಯೋಚಿಸಿ ಕೊಟ್ಟ ವಿನಾಯಿತಿ ಅಂತ ಸ್ಕ್ರಿಪ್ಟಿಗೆ ತಿಳಿಯದು. ಅದಕ್ಕೆ ಎರಡೂ ಒಂದೇ, ವ್ಯತ್ಯಾಸ. ವ್ಯತ್ಯಾಸ ಹುಡುಕುವುದು ಸ್ಕ್ರಿಪ್ಟಿನ ಕೆಲಸ, ಅದನ್ನು ಏನು ಮಾಡಬೇಕು ಅಂತ ತೀರ್ಮಾನಿಸುವುದು ಆ ಊರನ್ನು ಬಲ್ಲವನ ಕೆಲಸ. ಇದು ನನ್ನ ಅಭಿಪ್ರಾಯ.

ಹುಡುಗನಿಗೆ ಅವತ್ತು ಊಟದ ಮೇಲೆ ನಾನು ಹೇಳಿದ್ದು ಇಷ್ಟು. ಬದಲಿಸುವ ಮೊದಲು ಹಳೆಯದರ ಪ್ರತಿ ತಾರೀಖು ಹಾಕಿ ತೆಗೆದಿಡು. ಮರಳಿ ಹಾಕುವುದು ಬರುತ್ತದೆಯೇ ಅಂತ ಒಮ್ಮೆ ಮಾಡಿ ನೋಡು. ಸ್ಕ್ರಿಪ್ಟಿಗೆ ಎರಡು ನಡೆ ಇರಲಿ, ಮೊದಲ ನಡೆಯಲ್ಲಿ ತೋರಿಸಬೇಕು, ಎರಡನೆಯದರಲ್ಲಿ ಹಾಕಬೇಕು. ಎರಡರ ನಡುವೆ ಒಬ್ಬ ಮನುಷ್ಯ ಬೇಕು, ಅವನು ನೀನಾಗಿರಬಾರದು. ಮುನ್ನೂರರಲ್ಲಿ ಒಂದೇ ರೀತಿ ಬದಲಾಗುವ ಇನ್ನೂರ ತೊಂಬತ್ತನ್ನು ಓದಬೇಕಿಲ್ಲ, ಬೇರೆಯಾಗಿ ಕಾಣುವ ಹತ್ತನ್ನು ಓದು. ಎಲ್ಲಕ್ಕಿಂತ ಮುಖ್ಯ, ಎಲ್ಲರಿಗೂ ಸಾಮಾನ್ಯವಾದದ್ದು ಒಂದು ಫೈಲಿನಲ್ಲಿರಲಿ, ಊರೂರಿಗೆ ಬೇರೆಯಾಗುವುದು ಇನ್ನೊಂದರಲ್ಲಿ. ಮೇ 1 ಮಹಾರಾಷ್ಟ್ರ ದಿನ, ನವೆಂಬರ್ 1 ಕನ್ನಡ ರಾಜ್ಯೋತ್ಸವ. ಎರಡನ್ನೂ ಒಂದೇ ಪಟ್ಟಿಯಲ್ಲಿ ತುರುಕಿದರೆ ಒಂದು ರಾಜ್ಯದ ಹಬ್ಬ ಇನ್ನೊಂದು ರಾಜ್ಯದವರ ಕಾಟ. ಮತ್ತೆ, ಪ್ರತಿ ವಿಶೇಷ ಸಾಲಿನ ಮೇಲೆ ಯಾರು, ಯಾವಾಗ, ಯಾಕೆ ಅಂತ ಒಂದು ಸಾಲು ಬರೆದಿಡು. ಸ್ಟೀಲ್ ಕಪಾಟಿನ ಎರಡನೇ ಅರೆಯನ್ನು ನಿನ್ನ ನಂತರ ಬಂದವನು ಎಲ್ಲಿ ಹುಡುಕುತ್ತಾನೆ?

"ಇಷ್ಟೆಲ್ಲ ಮಾಡಿದ್ರ ಒಂದು ರಾತ್ರಿ ಕೆಲಸ ಎರಡು ದಿನ ಆಗ್ತದ ಮಾಮಾ" ಅಂದ.

ಪಕ್ಕದ ಮನೆಯವರು ಇಲ್ಲಿನ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅವರೂ ಕೂತಿದ್ದರು. ನಮ್ಮ ಕೋರಾಡಿಯಲ್ಲಿ ಈಗ 660 ಮೆಗಾವಾಟಿನ ಮೂರು ಘಟಕಗಳಿವೆ. ಅವರು ಹೇಳಿದರು, "ನಾವು ಒಂದು ಉಪಕರಣದ ಸೆಟ್ಟಿಂಗ್ ಮುಟ್ಟುವ ಮೊದಲು ಕಾಗದದಲ್ಲಿ ಎರಡು ಅಂಕಣ ಎಳೀತಿದ್ವಿ. ಬಂದಾಗ ಹೇಗಿತ್ತು, ಬಿಟ್ಟುಹೋಗುವಾಗ ಹೇಗಿತ್ತು. ಮೊದಲನೇ ಅಂಕಣ ತುಂಬದೆ ಸ್ಕ್ರೂಡ್ರೈವರ್ ಹಿಡಿಯೋ ಹಾಗಿಲ್ಲ. ಎಷ್ಟೇ ಅವಸರ ಇದ್ದರೂ."

ಹುಡುಗ ಮಾತಾಡಲಿಲ್ಲ. ಮಲಗುವ ಮೊದಲು ಲ್ಯಾಪ್‌ಟಾಪ್ ತೆಗೆದು ಕೂತದ್ದು ನೋಡಿದೆ. ಬೆಳಗ್ಗೆ ಚಹಾ ಕುಡಿಯುವಾಗ ತಾನಾಗಿಯೇ ಹೇಳಿದ, "ಮಾಮಾ, ಮುನ್ನೂರರಾಗ ನಾಲ್ಕು ಬೇರೆ ಇದ್ದವು. ಮೂರು ಹಳೇ ತಪ್ಪು. ಒಂದು ಮಾತ್ರ ಯಾರೋ ಬೇಕಂತಲೇ ಹಾಕಿದ್ದು. ಅದನ್ನ ವಾಪಸ್ ಹಾಕೀನಿ."

ಯಾಕೆ ಹಾಕಿದ್ದರಂತೆ ಅಂತ ಕೇಳಿದೆ. ಇನ್ನೂ ಗೊತ್ತಾಗಿಲ್ಲ, ಸೋಮವಾರ ಕೇಳಬೇಕು ಅಂದ.

ಕೇಳಲಿ. ನಿಮ್ಮ ಆಫೀಸಿನಲ್ಲೂ ಇಂಥ ಒಂದು ಸಾಲು ಇದ್ದೇ ಇರುತ್ತದೆ, ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲದ್ದು. ಅಳಿಸುವ ಮೊದಲು ಒಮ್ಮೆ ಕೇಳಿ ನೋಡಿ. ನೀವೇನಂತೀರಿ?